ಹೂದಾನಿ ಒಡೆದ ಸಂಭಾವಿತ

ಕನ್ನಡಕದವರ ನಾಲಿಗೆಯ ತುದಿಯಲ್ಲಿ ಒಂದು ಮಾತು ಸದಾ ಹೊರಡಲು ಸಿದ್ಧವಾಗಿ ಕೂತಿರುತ್ತಿತ್ತು: ‘ಕ್ಷಮಿಸಿ.’ ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ, ತುಳಿದವನಿಗಿಂತ ಮೊದಲು ಅವರೇ ಹೇಳಿಬಿಡುತ್ತಿದ್ದರು. ದೀಪದ ಕಂಬಕ್ಕೆ ಭುಜ ತಾಗಿದರೆ ಕಂಬಕ್ಕೂ ಹೇಳುತ್ತಿದ್ದರು. “ಹುಟ್ಟಿದ ತಕ್ಷಣ ಎಲ್ಲಾ ಮಕ್ಕಳೂ ಅಳ್ತಾವೆ, ನೀವು ಮಾತ್ರ ಡಾಕ್ಟರಿಗೆ ಕ್ಷಮಿಸಿ ಅಂದಿರ್ತೀರಿ” ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಅದಕ್ಕೂ ಅವರ ಉತ್ತರ ಅದೇ ಮಾತು.

ಅಂದು ಬೆಳಿಗ್ಗೆ ಆ ಮಾತು ಜಾರಬಾರದ ಜಾಗದಲ್ಲಿ ಜಾರಿತು.

ಅವರ ಮನೆ ನಾಲ್ಕು ಮಹಡಿಯ ಹಳೆಯ ಕಟ್ಟಡದ ತುತ್ತತುದಿಯಲ್ಲಿತ್ತು. ಲಿಫ್ಟ್ ಇಲ್ಲ. ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟವರು ಮೊದಲ ಮಹಡಿಯ ತಿರುವಿಗೆ ಇಳಿಯುವಷ್ಟರಲ್ಲಿ ದಾರಿ ಕಟ್ಟಿತ್ತು. ಅಲ್ಲಿನ ಬಾಡಿಗೆದಾರರಾದ ಟೀಚರಮ್ಮ, ಶಾಲೆಯಿಂದ ನಿವೃತ್ತರಾದ ಒಂಟಿ ಹೆಂಗಸು, ತಮ್ಮ ಬಾಗಿಲ ಪಕ್ಕದಲ್ಲಿ ಸೊಂಟದೆತ್ತರದ ಒಂದು ಪಿಂಗಾಣಿ ಹೂದಾನಿ ಇಟ್ಟಿದ್ದರು. ಅದೀಗ ಎರಡು ಹೋಳಾಗಿ ನೆಲದ ಮೇಲೆ ಬಿದ್ದಿತ್ತು. ಅದರ ಮೇಲೆ ಬರೆದಿದ್ದ ಹಂಸಗಳ ಜೋಡಿ, ಯಾವ ಚಿತ್ರಕಾರನ ಕೃಪೆಯೋ, ಎರಡಕ್ಕೂ ಮನುಷ್ಯರಂತೆ ದಪ್ಪ ಹುಬ್ಬು, ಒಂದೊಂದು ಹೋಳಿನಲ್ಲಿ ಒಂದೊಂದು ಮಲಗಿ, ರಾತ್ರಿ ಜಗಳವಾಡಿದ ಗಂಡಹೆಂಡಿರಂತೆ ಬೇರೆ ಬೇರೆ ಗೋಡೆ ನೋಡುತ್ತಿದ್ದವು.

ಹೋಳುಗಳ ಸುತ್ತ ನಾಲ್ವರು ನಿಂತಿದ್ದರು. ಒಬ್ಬರು ಟೀಚರಮ್ಮ. ಇನ್ನೊಬ್ಬರು ಕಟ್ಟಡದ ಸಂಘದ ಸೆಕ್ರೆಟರಿ. ಕೆಳಗಿನ ಬೋರ್ಡಿಗೆ ದಿನಕ್ಕೊಂದು ಸೂಚನೆ ಅಂಟಿಸದಿದ್ದರೆ ಊಟ ಸೇರದ ಮನುಷ್ಯ. ಮೂರನೆಯವರು ಎರಡನೇ ಮಹಡಿಯ ವಿಮೆ ಏಜೆಂಟರು. ಎಲ್ಲಿ ಏನು ಮುರಿದರೂ ಅಲ್ಲಿ ಮೊದಲು ಹಾಜರಾಗುವುದು ಅವರ ವೃತ್ತಿಯೂ ಹೌದು, ಹವ್ಯಾಸವೂ ಹೌದು. ನಾಲ್ಕನೆಯವಳು ಮೆಟ್ಟಿಲು ಗುಡಿಸುವ ಹೆಂಗಸು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅಂದು ಮಾತ್ರ ಯಾರೂ ಹಾಗೆ ಕರೆಯುತ್ತಿರಲಿಲ್ಲ.

“ಬೆಳಿಗ್ಗೆ ಆರು ಗಂಟೆಗೆ ಇಲ್ಲಿದ್ದೋಳು ನೀನೊಬ್ಬಳೇ” ಎನ್ನುತ್ತಿದ್ದರು ಸೆಕ್ರೆಟರಿ. “ಪೊರಕೆ ತಗುಲಿರುತ್ತೆ. ಒಪ್ಕೊಂಡ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಬರೋದು ಬೇಡ.”

“ನಾನಲ್ಲ ಸಾರ್.”

“ನೀನಲ್ಲ ಅಂದ್ರೆ ಮತ್ತ್ಯಾರು?”

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಮೆಟ್ಟಿಲಿಳಿದು ಬರುತ್ತಿದ್ದ ಕನ್ನಡಕದವರು ಕಣ್ಣಿಗೆ ಬಿದ್ದರು. ತೆರೆದ ಬಾಯಿ ಮುಚ್ಚಿಕೊಂಡಳು.

“ಹೋಗ್ಲಿ ಬಿಡ್ರೀ, ಒಂದು ಹೂದಾನಿಗೆ ಇಷ್ಟೆಲ್ಲ ಯಾಕೆ” ಎಂದು ಟೀಚರಮ್ಮ ಎರಡು ಸಲ ಹೇಳಿದ್ದರು. ಮೂವತ್ತು ವರ್ಷ ತರಗತಿಗಳನ್ನು ಸುಮ್ಮನಿರಿಸಿದ ಆ ದನಿ ಸೆಕ್ರೆಟರಿಯ ಕಿವಿಗೆ ಇಳಿಯಲಿಲ್ಲ. ಹೂದಾನಿ ಅವರದಾದರೂ ಅದು ಬಿದ್ದ ಜಾಗ ಸಂಘದ್ದು; ಆದ್ದರಿಂದ ಒಡೆದದ್ದು ಸಂಘದ ವ್ಯಾಪ್ತಿಗೆ ಬರುತ್ತದೆ ಎಂಬುದು ಅವರ ವಾದ.

ಕನ್ನಡಕದವರು ನೋಡಿದ್ದು ಇದಾವುದನ್ನೂ ಅಲ್ಲ. ಟೀಚರಮ್ಮನ ಕಣ್ಣು ಒದ್ದೆಯಾಗಿರುವುದನ್ನು. ಮನಸ್ಸು ಕಲಕಿತು. ಒಂದು ಸಮಾಧಾನದ ಮಾತು ಹೇಳಬೇಕೆನಿಸಿತು. ಅವರ ಬಳಿ ಇದ್ದದ್ದು ಒಂದೇ ಮಾತು.

“ಅಯ್ಯೋ, ಕ್ಷಮಿಸಿ ಟೀಚರಮ್ಮ” ಎಂದರು.

ನಾಲ್ಕು ತಲೆಗಳು ಒಟ್ಟಿಗೆ ತಿರುಗಿದವು. ಸೆಕ್ರೆಟರಿ ಕಿವಿಯ ಮೇಲಿದ್ದ ಪೆನ್ನನ್ನು ನಿಧಾನವಾಗಿ ಕೆಳಗಿಳಿಸಿದರು.

“ಅಂದ್ರೆ ನೀವಾ?”

ಇಲ್ಲ ಎನ್ನಲು ಕನ್ನಡಕದವರು ಉಸಿರೆಳೆದುಕೊಂಡರು. ಆಗ ಅಕ್ಕನ ಕೈ ಕಂಡಿತು. ಪೊರಕೆಯ ಹಿಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳಗಂಟುಗಳೆಲ್ಲ ಬಿಳಿಚಿದ್ದವು. ತಾನು ಇಲ್ಲ ಎಂದರೆ ಈ ಪೆನ್ನು ಮತ್ತೆ ಯಾರ ಕಡೆ ತಿರುಗುತ್ತದೆ ಎಂದು ಊಹಿಸಲು ಬಹಳ ಬುದ್ಧಿ ಬೇಕಿರಲಿಲ್ಲ. ಎಳೆದುಕೊಂಡ ಉಸಿರನ್ನು ಹಾಗೇ ಹೊರಬಿಟ್ಟರು.

“ಹೇಳಿದ್ರಲ್ಲ, ಅಷ್ಟು ಸಾಕಪ್ಪ” ಎಂದರು ಟೀಚರಮ್ಮ. ಅವರ ದನಿ ನಡುಗುತ್ತಿತ್ತು. “ಇನ್ನು ಯಾರನ್ನೂ ಏನೂ ಕೇಳ್ಬೇಡಿ.”

ಬಸ್ಸಿನ ಹೊತ್ತಾಗಿತ್ತು. ಕನ್ನಡಕದವರು ಡಬ್ಬಿಯನ್ನು ಎದೆಗವಚಿಕೊಂಡು ಹೋಳುಗಳನ್ನು ದಾಟಿ ಇಳಿದರು. ಹಂಸಕ್ಕೆ ಕಾಲು ತಾಗಿತು. ಅದಕ್ಕೂ ಕ್ಷಮಿಸಿ ಎಂದರು.

ಅವರು ನಿಲ್ದಾಣ ತಲುಪುವ ಮೊದಲೇ ಸೆಕ್ರೆಟರಿಯ ಸೂಚನೆ ಬೋರ್ಡಿನ ಮೇಲೆ ಅಂಟಿತ್ತು. ಅದರ ಫೋಟೊ ಕಟ್ಟಡದವರ ಮೊಬೈಲುಗಳಿಗೆಲ್ಲ ತಲುಪಿತ್ತು. ‘ಮೊದಲ ಮಹಡಿಯ ಹೂದಾನಿಯನ್ನು ಒಡೆದವರು ನಾಲ್ಕನೇ ಮಹಡಿಯ ನಿವಾಸಿಗಳೆಂದು ತಿಳಿದುಬಂದಿರುತ್ತದೆ. ಯಾರೂ ಒತ್ತಾಯ ಮಾಡದೆ ತಾವಾಗಿ ತಪ್ಪೊಪ್ಪಿಕೊಂಡ ಇಂಥ ಸಂಭಾವಿತರು ಈ ಕಾಲದಲ್ಲಿ ವಿರಳ. ಉಳಿದವರೂ ಇವರನ್ನು ಅನುಸರಿಸತಕ್ಕದ್ದು.’ ಏನನ್ನು ಅನುಸರಿಸಬೇಕು, ಒಡೆಯುವುದನ್ನೋ ಒಪ್ಪುವುದನ್ನೋ, ಸೂಚನೆಯಲ್ಲಿ ಸ್ಪಷ್ಟವಿರಲಿಲ್ಲ.

ಬಸ್ಸಿನಲ್ಲಿ ಪಕ್ಕದ ಸೀಟಿಗೆ ವಿಮೆ ಏಜೆಂಟರು ಬಂದು ಕೂತರು.

“ಕೈ ಕೊಡಿ ಇಲ್ಲಿ” ಎಂದು ತಾವೇ ಕೈ ಎಳೆದುಕೊಂಡು ಕುಲುಕಿದರು. “ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ತಾನೇ ಒಡೆದೆ ಅಂದವನನ್ನ ನಾನು ನೋಡಿರ್ಲಿಲ್ಲ. ಹಿಂದೆ ಸಂಭಾವಿತ ಅಂದ್ರೆ ತಪ್ಪೇ ಮಾಡದವನು ಅಂತ ಅರ್ಥ ಇತ್ತು. ಈಗ ಅಂಥವರು ಎಲ್ಲಿ ಸಿಗ್ತಾರೆ? ಅದಕ್ಕೇ ಮಟ್ಟ ಇಳಿಸಿದ್ದೀವಿ. ಮಾಡಿದ್ದನ್ನ ಒಪ್ಕೊಂಡ್ರೆ ಸಾಕು.”

“ಅದು ಹಾಗಲ್ಲ, ನಿಜ ಏನಂದ್ರೆ...”

“ವಿನಯ ಬೇಡ. ನಿಮ್ಮ ಹತ್ರ ಒಂದು ಉಪಕಾರ ಆಗ್ಬೇಕಿತ್ತು.” ಏಜೆಂಟರು ದನಿ ತಗ್ಗಿಸಿದರು. “ಹೋದ ಸೋಮವಾರ ಸೆಕ್ರೆಟರಿ ಸ್ಕೂಟರಿನ ಕನ್ನಡಿ ಯಾರೋ ಮುರಿದ್ರಲ್ಲ, ಆ ಯಾರೋ ನಾನೇ. ಒಪ್ಕೊಳ್ಳೋಣ ಅಂತ ದಿನಾ ಅವರ ಬಾಗಿಲ ತನಕ ಹೋಗ್ತೀನಿ. ಅವರ ಮುಖ ನೋಡಿದ ಮೇಲೆ ಬೇರೆ ಏನೋ ಮಾತಾಡಿ ಬಂದುಬಿಡ್ತೀನಿ. ಹೇಗೂ ನಿಮ್ಮ ಹೆಸರು ಬೋರ್ಡಿನ ಮೇಲೆ ಬಂದಾಗಿದೆ. ಅದ್ರ ಕೆಳಗೆ ಇನ್ನೊಂದು ಸಾಲು, ಅಷ್ಟೇ. ನೆಂದವರಿಗೆ ಚಳಿಯೇನು, ಮಳೆಯೇನು?”

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಏಜೆಂಟರ ಕಣ್ಣಲ್ಲಿ ಎಂಟು ದಿನದ ನಿದ್ದೆಗೇಡು ಕಾಣುತ್ತಿತ್ತು. ಕನ್ನಡಕದವರು ಕಿಟಕಿಯಾಚೆ ನೋಡಿದರು. ಏಜೆಂಟರು ಅದನ್ನೇ ಒಪ್ಪಿಗೆಯೆಂದು ಭಾವಿಸಿ, ಅಲ್ಲೇ ಕೂತು ಸೆಕ್ರೆಟರಿಗೆ ಸಂದೇಶ ಕಳಿಸಿದರು: ‘ಸ್ಕೂಟರ್ ಕನ್ನಡಿಯೂ ಅವರದೇ ಕೆಲಸವಂತೆ. ಪಾಪ, ಬಹಳ ನೊಂದುಕೊಂಡರು.’

ಸೆಕ್ರೆಟರಿ ಅದನ್ನೂ ಕಟ್ಟಡದ ಮೊಬೈಲುಗಳಿಗೆಲ್ಲ ಹಂಚಿದರು. ಐದು ನಿಮಿಷದಲ್ಲಿ ಹೆಂಡತಿಯ ಫೋನು.

“ರೀ, ಹೂದಾನಿ ಯಾವಾಗ ಒಡೆದ್ರಿ?”

“ಮನೆಗೆ ಬಂದು ಹೇಳ್ತೀನಿ.”

“ಊರೋರಿಗೆಲ್ಲ ಗೊತ್ತಿದೆ, ನನಗೆ ಮನೆಗೆ ಬಂದು ಹೇಳ್ತೀರಾ? ಈಗ ಸ್ಕೂಟರ್ ಅಂತೆ. ಸ್ಕೂಟರ್ ಕನ್ನಡಿ ಮುರಿದ ದಿನ ನಾವಿಬ್ರೂ ನನ್ನ ತವರೂರಲ್ಲಿ ಇರ್ಲಿಲ್ವಾ?”

ಏಜೆಂಟರ ಕಿವಿ ಫೋನಿಗೆ ಎರಡು ಬೆರಳು ದೂರದಲ್ಲಿತ್ತು. “ಹೌದೌದು” ಎಂದರು ಕನ್ನಡಕದವರು, ಯಾವುದಕ್ಕೆಂದು ಅವರಿಗೂ ತಿಳಿಯದೆ.

“ನಿಮ್ಮ ಮೇಲೆ ಯಾರೋ ಹೊರಿಸ್ತಾ ಇದ್ದಾರೆ. ನಾನು ನೋಡ್ಕೋತೀನಿ” ಎಂದು ಹೆಂಡತಿ ಫೋನು ಇಟ್ಟಳು. ಅವಳು ನೋಡಿಕೊಳ್ಳುತ್ತೇನೆ ಎಂದ ಯಾವ ಕೆಲಸವೂ ಅರ್ಧಕ್ಕೆ ನಿಂತದ್ದಿಲ್ಲ.

ಅವರ ಕೆಲಸ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ. ಎರಡು ಹೆಜ್ಜೆ ಉದ್ದ, ಒಂದೂವರೆ ಹೆಜ್ಜೆ ಅಗಲದ ಆ ಕೋಣೆಯಲ್ಲಿ ಒಂದು ಸಾಣೆಚಕ್ರ, ಒಂದು ದೀಪ, ಸಾಸಿವೆ ಕಾಳಿನಷ್ಟಿರುವ ತಿರುಪುಗಳ ಡಬ್ಬಿ. ಗಾಜನ್ನು ಫ್ರೇಮಿನ ಅಳತೆಗೆ ಸವೆಸಿ, ಅಂಚು ನಯಮಾಡಿ, ಒತ್ತಿ ಕೂರಿಸುವುದು. ‘ಟಕ್’ ಎಂದು ಕೂತ ಆ ಸದ್ದು ಅವರಿಗೆ ದಿನದ ಸಂಗೀತ. ಗಾಜು ಮಾತಾಡುವುದಿಲ್ಲ, ಗಾಜಿಗೆ ನೆರೆಹೊರೆಯಿಲ್ಲ. ಹದಿನಾರು ವರ್ಷದಿಂದ ಆ ಕೋಣೆಯೇ ಅವರ ನೆಮ್ಮದಿ.

ಅಂದು ಆ ಕೋಣೆಗೆ ಹೋಗಲು ಬಿಡಲಿಲ್ಲ. ಏಜೆಂಟರು ತಮ್ಮ ನಿಲ್ದಾಣ ಬಿಟ್ಟು ಇವರ ಜೊತೆಗೇ ಇಳಿದು ಅಂಗಡಿಯವರೆಗೂ ಬಂದು, ಮಾಲೀಕರಿಗೆ ಎಲ್ಲ ಕತೆ ಹೇಳಿದರು. “ನಿಮ್ಮ ಅಂಗಡಿಯಲ್ಲಿ ರತ್ನ ಇಟ್ಕೊಂಡಿದ್ದೀರಿ” ಎಂದು ಹೇಳಿ ಹೋದರು.

ಮಾಲೀಕರು ರತ್ನವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ತಲೆಯಲ್ಲಿ ಬೇರೊಂದು ಚಿಂತೆ ಕುದಿಯುತ್ತಿತ್ತು. ಹಿಂದಿನ ವಾರ, ಕನ್ನಡಕದವರು ರಜೆಯಲ್ಲಿದ್ದಾಗ, ಮಾಲೀಕರೇ ಒಂದು ಕನ್ನಡಕಕ್ಕೆ ಗಾಜು ಕೂರಿಸಿ ಕೊಟ್ಟಿದ್ದರು. ಬಲಗಣ್ಣಿನದು ಎಡಕ್ಕೆ, ಎಡಗಣ್ಣಿನದು ಬಲಕ್ಕೆ ಹೋಗಿತ್ತು.

“ಆ ಮನುಷ್ಯ ಈಗ ಬರ್ತಾನೆ” ಎಂದರು ಮಾಲೀಕರು. “ನಾನು ಮಾತಾಡಿದ್ರೆ ಜಗಳ ಆಗುತ್ತೆ. ನನಗೆ ಒಪ್ಕೊಂಡು ಅಭ್ಯಾಸ ಇಲ್ಲ. ನಿಮಗಿದೆ.”

ಗ್ರಾಹಕರು ಬಂದೇಬಿಟ್ಟರು. ಕನ್ನಡಕವನ್ನು ಅದರ ಕಿವಿಕಡ್ಡಿಯಿಂದ, ಸತ್ತ ಇಲಿಯನ್ನು ಬಾಲದಿಂದ ಎತ್ತಿದ ಹಾಗೆ ಎತ್ತಿ ಹಿಡಿದಿದ್ದರು.

“ಐದು ದಿನದಿಂದ ಇಲ್ಲದ ಮೆಟ್ಟಿಲು ಹತ್ತುತಾ ಇದ್ದೀನಿ. ಇರೋ ಮೆಟ್ಟಿಲು ಕಾಣಿಸ್ತಾ ಇಲ್ಲ. ನಿನ್ನೆ ಯಾರದೋ ಮನೆಗೆ ಹೋಗಿ ಚಪ್ಪಲಿ ಬಿಟ್ಟು ಒಳಗೆ ಕೂತಿದ್ದೆ. ನೀರು ತಂದುಕೊಟ್ಟ ಮೇಲೆ ಗೊತ್ತಾಯ್ತು, ಅದು ನಮ್ಮನೆ ಅಲ್ಲ ಅಂತ. ನಮ್ಮನೇಲಿ ಯಾರೂ ಕೇಳದೆ ನೀರು ಕೊಡಲ್ಲ. ಯಾರ್ರೀ ಇದನ್ನ ಮಾಡಿದ್ದು?”

ಮಾಲೀಕರು ಚಾವಣಿಯ ಫ್ಯಾನನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು.

“ಕ್ಷಮಿಸಿ” ಎಂದರು ಕನ್ನಡಕದವರು. “ಕೂತ್ಕೊಳ್ಳಿ. ಐದು ದಿನ ಕಷ್ಟಪಟ್ಟಿದ್ದೀರಿ. ಹತ್ತು ನಿಮಿಷದಲ್ಲಿ ಸರಿಮಾಡಿ ಕೊಡ್ತೀನಿ.”

ಗ್ರಾಹಕರು ಜಗಳಕ್ಕೆಂದು ತುಂಬಿಕೊಂಡು ಬಂದಿದ್ದ ಗಾಳಿಯೆಲ್ಲ ಸದ್ದಿಲ್ಲದೆ ಇಳಿಯಿತು. ಕುರ್ಚಿಯಲ್ಲಿ ಕೂತರು. ಹತ್ತು ನಿಮಿಷದ ನಂತರ ಕನ್ನಡಕ ಹಾಕಿಕೊಂಡು ಬಾಗಿಲ ಹೊಸ್ತಿಲನ್ನು ಎರಡು ಸಲ ದಾಟಿ ನೋಡಿದರು. ಎರಡು ಸಲವೂ ಹೊಸ್ತಿಲು ಇದ್ದಲ್ಲೇ ಇತ್ತು. “ತಪ್ಪಾಯ್ತು ಅಂತ ನನಗೆ ಯಾರಾದ್ರೂ ಹೇಳಿ ಎಷ್ಟು ವರ್ಷ ಆಯ್ತೋ” ಎಂದು, ಓದುವುದಕ್ಕೆ ಇನ್ನೊಂದು ಕನ್ನಡಕ, ಹೆಂಡತಿಗೆ ಮತ್ತೊಂದು ಬೇಕೆಂದು ಬರೆಸಿ ಹೋದರು.

ಮಾಲೀಕರು ಕೃತಜ್ಞತೆಯಿಂದ ಕನ್ನಡಕದವರ ಎರಡೂ ಕೈ ಹಿಡಿದುಕೊಂಡರು. “ನಾಳೆಯಿಂದ ನೀವು ಮುಂದೇನೇ ಇರಿ. ಬೈಯೋಕೆ ಬರೋರೆಲ್ಲ ನಿಮ್ಮ ಹತ್ರ ಬರ್ಲಿ. ಹಿಂದಿನ ಕೋಣೆಗೆ ಬೇರೆ ಯಾರನ್ನಾದ್ರೂ ಹಾಕ್ತೀನಿ.”

ಹದಿನಾರು ವರ್ಷದ ನೆಮ್ಮದಿ ಒಂದು ಮಾತಿನಲ್ಲಿ ಹೋಯಿತು. ಆದರೂ, ಸುಳ್ಳೇಕೆ, ಮಧ್ಯಾಹ್ನದ ಹೊತ್ತಿಗೆ ಕನ್ನಡಕದವರಿಗೆ ಇದೆಲ್ಲ ಸ್ವಲ್ಪ ಹಿಡಿಸತೊಡಗಿತ್ತು. ಒಂದು ಹೂದಾನಿ, ಒಂದು ಸ್ಕೂಟರ್, ಒಂದು ಜೊತೆ ಗಾಜು: ತಾನು ಮಾಡದ ಮೂರು ತಪ್ಪುಗಳನ್ನು ಮಧ್ಯಾಹ್ನದೊಳಗೆ ಹೊತ್ತವರು ಊರಲ್ಲಿ ಇನ್ಯಾರಿದ್ದಾರು? ಮಾಡಿದ್ದನ್ನು ಒಪ್ಪುವವನು ಸಂಭಾವಿತನಾದರೆ ಮಾಡದ್ದನ್ನೂ ಒಪ್ಪುವವನಿಗೆ ಏನೆನ್ನಬೇಕು? ಅಂಗಡಿಯ ತುಂಬ, ಕನ್ನಡಕ ಹಾಕಿ ನೋಡಿಕೊಳ್ಳಲೆಂದು ಹನ್ನೊಂದು ಕನ್ನಡಿಗಳಿದ್ದವು. ಒಂದೊಂದರಲ್ಲೂ ಒಬ್ಬ ಸಂಭಾವಿತ ನಿಂತು ಅವರತ್ತ ಗೌರವದಿಂದ ನೋಡುತ್ತಿದ್ದ. ಅವರು ಹನ್ನೊಂದು ಜನಕ್ಕೂ ಸ್ವಲ್ಪ ತಲೆಬಾಗಿದರು.

ಸಂಜೆ ಕಟ್ಟಡದ ಗೇಟಿನ ಬಳಿ ಅಕ್ಕ ಕಾಯುತ್ತ ನಿಂತಿದ್ದಳು. ಬಕೆಟ್ಟು ಬೋರಲಾಗಿತ್ತು, ಸೀರೆಯ ಸೆರಗು ಇನ್ನೂ ಒದ್ದೆಯಿತ್ತು. ಕೆಲಸ ಮುಗಿದು ಒಂದು ಗಂಟೆಯ ಮೇಲಾಗಿರಬೇಕು.

“ಅಣ್ಣಾ, ನಿಮಗೊಂದು ಮಾತು ಹೇಳಿ ಹೋಗೋಣ ಅಂತ ನಿಂತೆ. ಬೆಳಿಗ್ಗೆ ನೀವು ಬಾಯಿ ಬಿಡದೆ ಇದ್ದಿದ್ರೆ ನನ್ನ ಕೆಲಸ ಹೋಗ್ತಿತ್ತು. ಮನೇಲಿ ದುಡಿಯೋಳು ನಾನೊಬ್ಬಳೇ.”

ಕನ್ನಡಕದವರು ದೊಡ್ಡ ಮನಸ್ಸಿನಿಂದ ಕೈಯಾಡಿಸಿದರು. “ಅದರಲ್ಲೇನಿದೆ. ಒಬ್ಬರ ತಪ್ಪನ್ನ ಇನ್ನೊಬ್ಬರು ಹೊತ್ಕೊಳ್ಳೋದು...”

“ಆ ಒಬ್ಬರು ಯಾರಣ್ಣ?”

“ಅಂದ್ರೆ, ಒಡೆದವರು.”

ಅಕ್ಕ ಅವರ ಮುಖವನ್ನೇ ನೋಡಿದಳು. “ಒಡೆದದ್ದು ನೀವೇ ಅಲ್ವಾ?”

“ನಾನಾ?”

“ನಿನ್ನೆ ಸಂಜೆ ಕರ್ಟನ್ ರಾಡ್ ಹೊತ್ಕೊಂಡು ಹತ್ತುತಾ ಇದ್ರಲ್ಲ. ಹೆಗಲ ಮೇಲೆ ರಾಡು, ಕಿವೀಲಿ ಫೋನು. ತಿರುವಲ್ಲಿ ನೀವು ತಿರುಗಿದ್ರಿ, ಹಿಂದಿನ ತುದಿ ಹೋಗಿ ಹೂದಾನಿಗೆ ಬಡೀತು. ನಾನು ಕೆಳಗಿನ ಮೆಟ್ಟಿಲು ಒರೆಸ್ತಾ ಇದ್ದೆ. ಫೋನಿನ ಮಾತಲ್ಲಿ ನಿಮಗೆ ಕೇಳಿಸ್ಲಿಲ್ಲ ಅನ್ಸುತ್ತೆ. ಆಮೇಲೆ ಹೋಗಿ ನೋಡಿದೆ. ಮೇಲಿಂದ ಕೆಳಗಿನವರೆಗೆ ಕೂದಲಿನಷ್ಟು ಸಣ್ಣ ಗೆರೆ. ಆದ್ರೂ ನಿಂತೇ ಇತ್ತು. ಬೆಳಿಗ್ಗೆ ನೀರಿನ ಮೋಟಾರ್ ಹಾಕಿದ್ರು, ಗೋಡೆ ಅದುರಿತು, ಎರಡು ಹೋಳಾಯ್ತು.”

ಕನ್ನಡಕದವರಿಗೆ ನಿನ್ನೆಯ ಸಂಜೆ ಪೂರ್ತಿಯಾಗಿ ನೆನಪಾಯಿತು. ರಾಡು ತಂದದ್ದು ಹೌದು. ರಾಡಿನ ಅಳತೆ ಎಷ್ಟೆಂದು ಹೆಂಡತಿ ಫೋನಿನಲ್ಲಿ ಕೇಳುತ್ತಿದ್ದದ್ದು ಹೌದು. ತಿರುವಿನಲ್ಲಿ ಹೆಗಲು ಒಮ್ಮೆ ಹಿಂದಕ್ಕೆ ಎಳೆದಂತಾಗಿ, ಗೋಡೆಗೆ ತಗುಲಿತೆಂದುಕೊಂಡು ಕ್ಷಮಿಸಿ ಎಂದದ್ದೂ ಹೌದು.

ಹನ್ನೊಂದು ಕನ್ನಡಿಯ ಹನ್ನೊಂದು ಸಂಭಾವಿತರೂ ಒಬ್ಬೊಬ್ಬರಾಗಿ ಬಾಗಿಲು ತೆರೆದು ಹೊರಟುಹೋದರು.

“ಹಾಗಾದ್ರೆ ಬೆಳಿಗ್ಗೆ ನೀನು ಹೇಳ್ಬಹುದಿತ್ತಲ್ಲ. ನಿನ್ನ ಕೆಲಸವೇ ಹೋಗ್ತಿತ್ತು.”

“ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀವು ಬಂದ್ರಿ.” ಅಕ್ಕ ಬಕೆಟ್ಟಿನ ಹಿಡಿ ಸರಿಮಾಡಿದಳು. “ಈ ಕಟ್ಟಡದಲ್ಲಿ ನಾನು ಒರೆಸ್ತಾ ಇರುವಾಗ ಎಲ್ಲರೂ ತುಳ್ಕೊಂಡು ಹೋಗ್ತಾರೆ. ನೀವೊಬ್ರೇ ನಿಂತು, ಹೋಗ್ಲಾ ಅಂತ ಕೇಳಿ ಹೋಗೋದು. ಅಂಥವರ ಮೇಲೆ ಎಲ್ಲರೆದುರು ಹೇಗೆ ಬೊಟ್ಟು ಮಾಡ್ಲಿ? ನೀವೇ ಹೇಳ್ತೀರಿ ಅಂತ ಗೊತ್ತಿತ್ತು. ಹೇಳಿದ್ರಿ.”

ಕನ್ನಡಕದವರಿಗೆ ಈಗ ಅರ್ಥವಾಯಿತು. ಇಡೀ ದಿನ ತಾನು ಅವಳನ್ನು ಉಳಿಸಿದೆನೆಂದು ಬೀಗಿದ್ದಾಯಿತು, ಉಳಿಸಿದವಳು ಅವಳು. ಅದೂ ಬೋರ್ಡಿನ ಮೇಲೆ ಒಂದಕ್ಷರ ಬರೆಸಿಕೊಳ್ಳದೆ. ಏನಾದರೂ ಹೇಳಬೇಕೆನಿಸಿತು. ಜನ್ಮದಲ್ಲೇ ಮೊದಲ ಬಾರಿಗೆ ‘ಕ್ಷಮಿಸಿ’ ಎಂಬುದು ಚಿಕ್ಕ ಮಾತೆಂದು ತೋರಿತು. “ಬಾ ನನ್ನ ಜೊತೆ” ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು. ಟೀಚರಮ್ಮನಿಗೆ ಈ ಸಲ ನಿಜವಾಗಿ ತಪ್ಪೊಪ್ಪಿಕೊಳ್ಳಬೇಕಿತ್ತು.

ಮೊದಲ ಮಹಡಿಯ ತಿರುವಿನಲ್ಲಿ ಆಗಲೇ ಸಭೆ ಸೇರಿತ್ತು. ನಡುವೆ ನಿಂತವಳು ಹೆಂಡತಿ. ಅವಳು ನೋಡಿಕೊಂಡಿದ್ದಳು.

“ಬಂದ್ರಲ್ಲ, ಅವರನ್ನೇ ಕೇಳಿ” ಎಂದಳು. “ನಿನ್ನೆ ಏಳು ಗಂಟೆಗೆ ಮನೆಗೆ ಬಂದವರು ಬೆಳಿಗ್ಗೆ ತನಕ ಹೊರಗೆ ಕಾಲಿಟ್ಟಿಲ್ಲ. ಎಂಟು ಗಂಟೆಗೆ ನಾನು ಕೆಳಗೆ ಬಂದಾಗ ಹೂದಾನಿ ನಿಂತಿತ್ತು, ಈ ಕಣ್ಣಲ್ಲಿ ನೋಡಿದ್ದೀನಿ. ಸ್ಕೂಟರ್ ಕನ್ನಡಿ ಮುರಿದ ದಿನ ನಾವು ಊರಲ್ಲೇ ಇರ್ಲಿಲ್ಲ, ಬಸ್ ಟಿಕೆಟ್ ಇದೆ. ನಮ್ಮ ಯಜಮಾನರು ಯಾರದೋ ತಪ್ಪನ್ನ ತಲೆ ಮೇಲೆ ಹೊತ್ಕೊಂಡಿದ್ದಾರೆ.”

ಸೆಕ್ರೆಟರಿಯ ಕೈಯಲ್ಲಿ ತಿದ್ದುಪಡಿ ಸೂಚನೆ ಸಿದ್ಧವಿತ್ತು. ಅವರ ಮುಖದಲ್ಲಿ ಭಕ್ತಿ ತುಂಬಿತ್ತು. “ನಿಮ್ಮನ್ನ ಬರೀ ಸಂಭಾವಿತ ಅಂತ ಬರೆದೆ. ನನ್ನ ಪದ ಸಾಲ್ಲಿಲ್ಲ.”

ಸ್ಕೂಟರಿನ ಮಾತು ಬಂದದ್ದೇ ವಿಮೆ ಏಜೆಂಟರು ಗೋಡೆಯ ಕಡೆ ಸರಿದರು.

“ಟೀಚರಮ್ಮ, ಹೂದಾನಿ ನಾನೇ ಒಡೆದದ್ದು” ಎಂದರು ಕನ್ನಡಕದವರು.

“ನೋಡಿ, ಇನ್ನೂ ಬಿಟ್ಟುಕೊಡ್ತಾ ಇಲ್ಲ” ಎಂದರು ಸೆಕ್ರೆಟರಿ ಮೆಚ್ಚುಗೆಯಿಂದ.

“ನಿಜವಾಗ್ಲೂ ನಾನೇ. ಅಕ್ಕ ನೋಡಿದ್ದಾಳೆ.”

“ಹೌದು, ಅವರೇ” ಎಂದಳು ಅಕ್ಕ.

ಅದೇ ತಪ್ಪಾಯಿತು. ಗೋಡೆಗೆ ಒರಗಿದ್ದ ಏಜೆಂಟರಿಗೆ ಸ್ಕೂಟರಿನಿಂದ ಮಾತು ಬೇರೆಡೆ ತಿರುಗಿಸಲು ದಾರಿ ಕಂಡಿತು. “ಇವರು ಯಾರನ್ನ ಕಾಪಾಡ್ತಾ ಇದ್ದಾರೆ ಅಂತ ಈಗ ಅರ್ಥ ಆಯ್ತಲ್ಲ? ಎಂಟಕ್ಕೆ ನಿಂತಿದ್ದ ಹೂದಾನಿ ಬೆಳಿಗ್ಗೆ ಹೋಳಾಗಿದೆ. ಬೆಳಿಗ್ಗೆ ಇದ್ದೋಳು ಇವಳೊಬ್ಬಳೇ.”

ಸೆಕ್ರೆಟರಿಯ ಪೆನ್ನು ಮತ್ತೆ ಕಿವಿಯಿಂದಿಳಿಯಿತು. ಕನ್ನಡಕದವರು ಬಿರುಕಿನ ವಿಷಯ ಹೇಳಿದರು, ಮೋಟಾರಿನ ವಿಷಯ ಹೇಳಿದರು. ಹೇಳಿದಷ್ಟೂ ಎಲ್ಲರೂ ಕರಗುತ್ತಿದ್ದರು. ಬಡವಳೊಬ್ಬಳಿಗಾಗಿ ಎಷ್ಟು ಚಂದದ ಸುಳ್ಳು ಹೆಣೆಯುತ್ತಿದ್ದಾರೆ ಎಂದು ಸೆಕ್ರೆಟರಿ ಕಣ್ಣೊರೆಸಿಕೊಂಡರು. ಬೆಳಿಗ್ಗೆ ಸುಮ್ಮನೆ ನಿಂತದ್ದಕ್ಕೆ ಅಪರಾಧಿಯೆಂದು ನಂಬಿದ್ದ ಜನ, ಈಗ ಬೊಬ್ಬಿಟ್ಟರೂ ನಂಬಲೊಲ್ಲರು.

ಕನ್ನಡಕದವರು ಮಾತು ನಿಲ್ಲಿಸಿದರು. ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟು ಮೂರು ಮಹಡಿ ಓಡಿ ಹತ್ತಿದರು. ಇನ್ನೂ ಕಿಟಕಿಗೆ ಹಾಕದೆ ಗೋಡೆಗೆ ಒರಗಿಸಿದ್ದ ರಾಡನ್ನು ಹೆಗಲ ಮೇಲಿಟ್ಟುಕೊಂಡು ಇಳಿದರು. “ಜಾಗ ಬಿಡಿ. ಹೇಗಾಯ್ತು ಅಂತ ತೋರಿಸ್ತೀನಿ” ಎಂದು ಕೆಳಗಿನ ಮೆಟ್ಟಿಲಿಂದ ಮತ್ತೆ ಹತ್ತತೊಡಗಿದರು. ನಿನ್ನೆಯ ಹಾಗೆಯೇ ಇರಲೆಂದು ಒಂದು ಕೈಯನ್ನು ಕಿವಿಗೆ ಹಿಡಿದುಕೊಂಡಿದ್ದರು. ನಿನ್ನೆಗಿಂತ ಇಂದು ಅವಸರ ಹೆಚ್ಚಿತ್ತು, ಸಿಟ್ಟೂ ಇತ್ತು. ತಿರುವಿನಲ್ಲಿ ಜೋರಾಗಿ ತಿರುಗಿದರು.

ಫಳ್ ಎಂಬ ಸದ್ದು ನಾಲ್ಕೂ ಮಹಡಿಗೆ ಕೇಳಿಸಿತು.

ಅವರು ಮೇಲೆ ಹೋಗಿದ್ದಾಗ ಟೀಚರಮ್ಮ ಒಳಗಿನಿಂದ ಇನ್ನೊಂದು ಹೂದಾನಿ ತಂದು ಅದೇ ಜಾಗದಲ್ಲಿ ಇಟ್ಟಿದ್ದರು; ಇಳಿಯುವ ಅವಸರದಲ್ಲಿ ಅವರಿಗೆ ಅದು ಕಂಡಿರಲಿಲ್ಲ. ಅದೇ ಎತ್ತರ, ಅದೇ ಬಣ್ಣ, ಅದೇ ಹುಬ್ಬಿನ ಹಂಸಗಳು. ಈಗ ಅದು ಹೋಳಲ್ಲ, ಪುಡಿ. ರಾಡು ಬಿಲ್ಲಿನಂತೆ ಬಾಗಿತ್ತು.

ಎಲ್ಲರೂ ಪುಡಿಯ ಕಡೆ ಬಗ್ಗಿದರು. ಕೊನೆಗೆ ಸೆಕ್ರೆಟರಿ, “ಹಾಗಾದ್ರೆ ಇವರೇ” ಎಂದು ತಿದ್ದುಪಡಿ ಸೂಚನೆಯನ್ನು ಮಡಚಿ ಜೇಬಿಗಿಟ್ಟರು. ಭಕ್ತಿ ಮುಖದಿಂದ ಪೂರ್ತಿ ಇಳಿದಿತ್ತು. “ಅಕ್ಕಾ, ನೀನು ನಾಳೆ ಯಾವತ್ತಿನ ಹಾಗೆ ಬಾ. ಸ್ಕೂಟರಿನ ವಿಷಯ ಈಗ ಬೇರೆ ನೋಡ್ಬೇಕು” ಎಂದು ಗೋಡೆಯ ಕಡೆ ತಿರುಗಿದರೆ ಅಲ್ಲಿ ಏಜೆಂಟರು ಇರಲಿಲ್ಲ, ಅವರ ಚಪ್ಪಲಿಯ ಸದ್ದು ಎರಡನೇ ಮಹಡಿ ಮುಟ್ಟಿತ್ತು. ಸೆಕ್ರೆಟರಿ ಬೆನ್ನಟ್ಟಿ ಹೋದರು.

ಹೆಂಡತಿ ಬಾಗಿದ ರಾಡನ್ನೂ ಗಂಡನನ್ನೂ ಒಂದಾದ ಮೇಲೊಂದು ನೋಡಿದಳು. ಯಾವುದು ಹೆಚ್ಚು ಡೊಂಕೆಂದು ತೀರ್ಮಾನಕ್ಕೆ ಬಂದವಳಂತೆ ರಾಡನ್ನು ಮಾತ್ರ ತೆಗೆದುಕೊಂಡು ಮೇಲೆ ನಡೆದಳು.

ಅಕ್ಕ ಪೊರಕೆ ಎತ್ತಿಕೊಂಡಳು. ಕನ್ನಡಕದವರು ಅದನ್ನು ಅವಳ ಕೈಯಿಂದ ಬಿಡಿಸಿಕೊಂಡರು. “ಇದನ್ನ ನಾನು ಗುಡಿಸ್ಬೇಕು. ನೀನು ಮನೆಗೆ ಹೋಗು, ಹೊತ್ತಾಯ್ತು” ಎಂದರು. ಅಕ್ಕ ಎರಡು ಮೆಟ್ಟಿಲಿಳಿದು ತಿರುಗಿ ನೋಡಿ, “ಮೂಲೆಯಿಂದ ಶುರು ಮಾಡಿ ಅಣ್ಣ, ನಡುವಿಂದ ಅಲ್ಲ” ಎಂದು ಹೇಳಿ ನಗುತ್ತ ಹೋದಳು. ಅವಳ ಹೆಜ್ಜೆಯ ಸದ್ದು ಗೇಟಿನವರೆಗೂ ಹಗುರವಾಗಿ ಕೇಳಿಸಿತು. ಕೈಯಲ್ಲಿ ಪೊರಕೆ ಹಿಡಿದ ಕನ್ನಡಕದವರಿಗೆ, ದಿನವಿಡೀ ಕೇಳಿದ ಹೊಗಳಿಕೆಯೆಲ್ಲ ಸೇರಿದರೂ ಆ ಸದ್ದಿನಷ್ಟು ಹಿತವಾಗಿರಲಿಲ್ಲವೆನಿಸಿತು.

ಟೀಚರಮ್ಮ ಬಾಗಿಲಲ್ಲಿ ನಿಂತೇ ಇದ್ದರು. ಕಣ್ಣು ಮತ್ತೆ ಒದ್ದೆಯಾಗಿತ್ತು. ಭುಜ ಅಲುಗುತ್ತಿತ್ತು. ಕನ್ನಡಕದವರು ಕೈ ಜೋಡಿಸಿದರು.

“ನಿಮ್ಮ ಮನೆಯ ಹಳೇ ವಸ್ತು. ಎರಡನ್ನೂ ಹಾಳುಮಾಡಿಬಿಟ್ಟೆ. ನಿಮಗೆ ಹೇಗೆ ಮುಖ ತೋರಿಸ್ಲಿ?”

ಟೀಚರಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡರು. ಅವರು ಅಳುತ್ತಿಲ್ಲ, ನಗು ತಡೆಯುತ್ತಿದ್ದಾರೆ ಎಂದು ತಿಳಿಯಲು ಕನ್ನಡಕದವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ನಮ್ಮತ್ತೆ ಕೊಟ್ಟಿದ್ದಪ್ಪ ಅವು” ಎಂದರು ಸಾವರಿಸಿಕೊಂಡು. “ಯಾರಿಗೂ ಕೊಡಬಾರದು, ಮಾರಬಾರದು, ಬಿಸಾಡಬಾರದು ಅಂತ ಮಾತು ತಗೊಂಡು ಕಣ್ಣುಮುಚ್ಚಿದ್ರು. ಮೂವತ್ತೆಂಟು ವರ್ಷ ಆ ಹಂಸಗಳ ಹುಬ್ಬು ಒರೆಸಿದ್ದೀನಿ. ಒಡೀಬಾರದು ಅಂತ ಮಾತ್ರ ಅವರು ಹೇಳಿರ್ಲಿಲ್ಲ. ಆದ್ರೆ ನಾನೇ ಹೇಗೆ ಒಡೀಲಿ? ಅದಕ್ಕೇ ಹನ್ನೊಂದು ವರ್ಷದಿಂದ ತಿರುವಲ್ಲಿ, ಎಲ್ಲರ ಕಾಲಿಗೆ ಸಿಗೋ ಹಾಗೆ ಇಟ್ಟಿದ್ದೆ. ಈ ಕಟ್ಟಡದೋರು ಅದೆಷ್ಟು ಜಾಗ್ರತೆಯ ಜನ ಅಂತೀರಿ. ಒಬ್ಬರಿಗೂ ತಾಗ್ಲಿಲ್ಲ. ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ.”

ಕನ್ನಡಕದವರ ಎದೆಯಿಂದ ಒಂದು ಬಂಡೆ ಉರುಳಿತು. ದಿನದಲ್ಲಿ ಮೊದಲ ಸಲ ಮನಸಾರೆ ನಕ್ಕರು. ಮೂಲೆಯಿಂದ ಶುರುಮಾಡಿ ಪುಡಿಯನ್ನೆಲ್ಲ ಗುಡಿಸಿ ತುಂಬಿದರು. ಹೊರಡಲು ತಿರುಗಿದಾಗ ಟೀಚರಮ್ಮ ಬಾಗಿಲನ್ನು ಇನ್ನಷ್ಟು ತೆರೆದು ಅವರ ತೋಳು ಹಿಡಿದು ನಿಲ್ಲಿಸಿದರು. ಒಳಗೆ, ಹಜಾರದ ಗೋಡೆಯುದ್ದಕ್ಕೂ, ದಪ್ಪ ಹುಬ್ಬಿನ ಹಂಸಗಳು ಸಾಲಾಗಿ ನಿಂತು ಹೊರಗೆ ನೋಡುತ್ತಿದ್ದವು.

“ಇನ್ನೂ ಆರು ಇವೆ” ಎಂದರು ಟೀಚರಮ್ಮ ಮೆಲ್ಲಗೆ. “ನಿಮ್ಮಂಥ ಸಂಭಾವಿತರನ್ನ ಬಿಟ್ಟು ಬೇರೆ ಯಾರನ್ನ ಕೇಳ್ಲಿ? ಒಂದೊಂದು ದಿನ ಒಂದೊಂದನ್ನ ಹೊರಗಿಡ್ತೀನಿ. ಬೆಳಿಗ್ಗೆ ನೀವು ಎಷ್ಟು ಹೊತ್ತಿಗೆ ಇಳಿಯೋದು?”